ಮೂರು ಪ್ರತಿಯ ಉಮಾಶಂಕರ್

ದೊಡ್ಡಬಳ್ಳಾಪುರದ ಆಸ್ಪತ್ರೆಯೊಂದರ ಕಂಪ್ಯೂಟರ್ ಕೋಣೆಗೆ ಹೊಸದಾಗಿ ಸೇರಿದ ಸಿಂಚನಳಿಗೆ, ಮೇಲಧಿಕಾರಿ ಉಮಾಶಂಕರ್ ಮನುಷ್ಯರೋ ಮಂತ್ರವಾದಿಯೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ರೋಗಿಗಳ ದಾಖಲೆ ಅಲ್ಲಿ ಮೂರು ಸರ್ವರ್‌ಗಳಲ್ಲಿರುತ್ತದೆ. ಒಂದರಲ್ಲಿ ಬರೆದದ್ದು ಕಣ್ಣು ಮಿಟುಕಿಸುವುದರೊಳಗೆ ಉಳಿದೆರಡರಲ್ಲೂ ಮೂಡುತ್ತದೆ. ಒಂದು ಕೆಟ್ಟು ಕೂತರೆ, ಯಾವುದೆಂದು ಅದರೊಳಗಿನ ಫ್ಯಾನಿನ ಸದ್ದಿನಲ್ಲೇ ಹೇಳಿ, ಕಾಫಿ ಮುಗಿಸಿಯೇ ಅವರು ಏಳುವುದು. ಜೇಬಿನಲ್ಲಿ ಮೂರು ಪೆನ್ನು, ಸ್ಕೂಟರಿಗೆ ಮೂರು ಕೀಲಿಕೈ. ಮದುವೆ ಆಲ್ಬಮ್ಮಿನ ಒಂದು ಪ್ರತಿ ಸೋಂಪುರದ ಷಡ್ಡಕನ ಮನೆಯಲ್ಲಿದೆಯಂತೆ. "ಮೂರು ಕಡೆ ಇದ್ಮೇಲೆ ದಿನಾ ಬ್ಯಾಕಪ್ ಯಾಕೆ ಸರ್?" ಎಂದರೆ, ಮಗ್ಗದ ಮನೆಯಲ್ಲಿ ಬೆಳೆದ ಅವರು, "ಮಗ್ಗಕ್ಕೆ ಹೂವಿನ ಲೆಕ್ಕ ಹೇಳೋ ಜಕಾರ್ಡ್ ರಟ್ಟಲ್ಲಿ ಒಂದು ತೂತು ತಪ್ಪಾದ್ರೆ ಅಷ್ಟೂ ಸೀರೇಲಿ ಹೂವು ತಪ್ಪಾಗುತ್ತೆ. ಇಲ್ಲೂ ಅಷ್ಟೇನಮ್ಮ, ತಪ್ಪೂ ಮೂರು ಕಡೆ ಹೋಗುತ್ತೆ. ಅದಕ್ಕೇ ನಿನ್ನೇದನ್ನ ಬೇರೆ ಎತ್ತಿಡೋದು" ಎನ್ನುತ್ತಾರೆ. ಎತ್ತಿಟ್ಟದ್ದನ್ನೂ ಸುಮ್ಮನೆ ನಂಬುವವರಲ್ಲ. ಪ್ರತಿ ಶುಕ್ರವಾರ ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು, ಲಕ್ಷಾಂತರ ಹೆಸರುಗಳ ನಡುವೆ ಒಂದೇ ಹೆಸರನ್ನು ಹುಡುಕುತ್ತಾರೆ: ನರಸಮ್ಮ, ತೂಬಗೆರೆ, ಪೆನಿಸಿಲಿನ್ ಕೊಡಬಾರದು. ಅದು ಕಂಡ ಮೇಲೆಯೇ ಊಟದ ಡಬ್ಬಿ ಬಿಚ್ಚುವುದು. "ನಿಮ್ಮ ತಾಯೀನಾ ಸರ್?" ಎಂದು ಸಿಂಚನ ಒಮ್ಮೆ ಕೇಳಿದಳು. "ಮುಖಾನೂ ನೋಡಿಲ್ಲ," ಎಂದರು ಉಮಾಶಂಕರ್, ಪರದೆಯಿಂದ ಕಣ್ಣು ತೆಗೆಯದೆ. "ಅದೇ ಹೆಸರು, ಅದೇ ಊರು, ಗಂಡನ ಹೆಸರೂ ಅದೇ ಪಿಳ್ಳಪ್ಪ ಅಂತ ಎರಡು ಸಲ ಇತ್ತು. ನಕಲು ಅಂದ್ಕೊಂಡು ಒಂದನ್ನ ಅಳಿಸ್ಬಿಟ್ಟೆ. ಮೂರೂ ಕಡೆ ಹೋಯ್ತು. ನರ್ಸು ಸಿರಿಂಜು ಕೈಲಿ ಹಿಡ್ಕೊಂಡೇ ಫೋನ್ ಮಾಡಿದ್ರು, ಈಯಮ್ಮನ ವಿವರಾನೇ ಇಲ್ವಲ್ಲ ಸರ್ ಅಂತ. ಹಿಂದಿನ ದಿನ ಎತ್ತಿಟ್ಟಿದ್ರಲ್ಲಿ ಸಿಕ್ತು, ಪೆನಿಸಿಲಿನ್ ಕೊಡಬಾರದು ಅಂತ. ಇಬ್ರು ನರಸಮ್ಮಂದ್ರು ಇದ್ರು ಕಣಮ್ಮ."