ಚಿಲಕ ಯಾವ ಕಡೆಗೆ

ಆ ದಿನಗಳಲ್ಲಿ ಮಳವಳ್ಳಿಯಲ್ಲಿ ಯಾರೂ ಯಾವುದನ್ನೂ ಮೊದಲ ಮಾತಿಗೆ ನಂಬುತ್ತಿರಲಿಲ್ಲ. ಯುದ್ಧ ನಡೆಯುತ್ತಿತ್ತು. ಸಕ್ಕರೆಯಲ್ಲಿ ರವೆ ಬೆರೆತಿದೆಯೇ ಎಂದು ಹೆಂಗಸರು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಸೀಮೆಎಣ್ಣೆಗೆ ನೀರು ಬಿದ್ದಿದೆಯೇ ಎಂದು ಸೀಸೆಯನ್ನು ಬಿಸಿಲಿಗೆ ಹಿಡಿಯುತ್ತಿದ್ದರು. ಬೀದಿಗೆ ಹೊಸಬರೊಬ್ಬರು ಬಂದರೆ ಸಾಕು, ರೇಷನ್ನಿನವರೋ, ಪಟಾಲಮಿಗೆ ಆಳು ಹಿಡಿಯುವವರೋ ಎಂದು ಕಿಟಕಿಗಳು ಅರ್ಧ ಮುಚ್ಚಿಕೊಳ್ಳುತ್ತಿದ್ದವು. ಆ ಕಾಲದಲ್ಲಿ ಬೆಳೆದವರಿಗೆಲ್ಲ ಇದು ನೆನಪಿರಬಹುದು. ನನಗಾಗ ಹತ್ತು ವರ್ಷ. ಅನುಮಾನಪಡುವುದು ದೊಡ್ಡವರ ಕಸುಬು ಎಂದು ತಿಳಿದು ನಾನೂ ಅದನ್ನು ಕಲಿಯುತ್ತಿದ್ದೆ.

ನಮ್ಮ ಮನೆಗೆ ಜೇನು ತರುತ್ತಿದ್ದವಳು ಮಾದಮ್ಮ. ಬೆಳಕವಾಡಿಯಿಂದಾಚೆ, ಕಾಡಿನ ಅಂಚಿನಲ್ಲಿ ಗುಡ್ಲು ಹಾಕಿಕೊಂಡಿದ್ದ ಇರುಳಿಗರ ಹೆಂಗಸು. ಜೇನು, ಸೀಗೆಕಾಯಿ, ಕಾಡುಗೆಣಸು ಹೊತ್ತು ಅಷ್ಟು ದೂರ ನಡೆದೇ ಬರುತ್ತಿದ್ದಳು. ಅವಳ ಸೀರೆಗೆ ಹೊಗೆಯ, ಒಣಎಲೆಯ ವಾಸನೆ. ಜೊತೆಗೆ ಮಗಳು ಕೆಂಪಿ, ನನ್ನದೇ ವಯಸ್ಸು. ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು ಹತ್ತಿಯ ಬತ್ತಿಯೊಂದನ್ನು ಜೇನಿಗೆ ಅದ್ದಿ ಹಚ್ಚುತ್ತಿದ್ದಳು. ಚಟಪಟ ಎಂದರೆ ನೀರು ಬೆರೆತಿದೆ ಎಂದು ಅರ್ಥ.

"ದಿನಾ ಉರಿಸಿ ನೋಡ್ತೀರಲ್ಲ ಅಮ್ಮಾವ್ರೇ, ಒಂದ್ ದಿನ ನನ್ನೇ ಉರಿಸಿ ನೋಡ್ಬುಡಿ, ನೀರೈತೋ ಇಲ್ವೋ ಗೊತ್ತಾಯ್ತದೆ" ಎಂದು ಮಾದಮ್ಮ ನಗುತ್ತಿದ್ದಳು.

"ನಿನ್ನ ಮೇಲಲ್ಲ ಕಣೇ ಮಾದಿ, ಕಾಲದ ಮೇಲೆ ಅನುಮಾನ" ಎನ್ನುತ್ತಿದ್ದಳು ಅಮ್ಮ. ಬತ್ತಿ ಸದ್ದಿಲ್ಲದೆ ಉರಿಯುತ್ತಿತ್ತು. ಅಮ್ಮ ಮುಂದಿನ ಸಲವೂ ಹಚ್ಚುತ್ತಿದ್ದಳು.

ನಮ್ಮಪ್ಪ ಮರಾಮತ್ತು ಇಲಾಖೆಯಲ್ಲಿ ಓವರ್ಸಿಯರ್. ಆ ವರ್ಷ ಅವರಿಗೆ ಇರುಳಿಗರಿಗಾಗಿ ಒಂದು ಸಾಲು ಮನೆ ಕಟ್ಟಿಸುವ ಕೆಲಸ ಬಂದಿತ್ತು. ಹಣದಲ್ಲಿ ಅರ್ಧ ಸರ್ಕಾರದ್ದು, ಉಳಿದರ್ಧ ನಮ್ಮೂರಿನ ಮಂಡಿ ಸಾಹುಕಾರರು ಧರ್ಮಕ್ಕೆ ಕೊಟ್ಟದ್ದು. ಮನೆಗಳನ್ನು ನೋಡಿಕೊಳ್ಳಲು ಒಂದು ಕಮಿಟಿ: ಸಾಹುಕಾರರು, ಒಬ್ಬ ವಕೀಲರು, ಆ ಕಾಡಂಚಿನ ಹಳ್ಳಿಯ ಪಟೇಲರು. ಕಮಿಟಿಯಲ್ಲಿ ಇರುಳಿಗರು ಯಾರೂ ಇರಲಿಲ್ಲ. ಇರಬಹುದು ಎಂದು ಯಾರಿಗೂ ತೋಚಿರಲೂ ಇಲ್ಲ.

ಕಾಡು ಕಾಯುವವರು ಹಳೆಯ ಗುಡ್ಲುಗಳನ್ನು ಮಳೆಗಾಲದೊಳಗೆ ಕೀಳಬೇಕೆಂದು ಹೇಳಿಹೋಗಿದ್ದರು. ಹಿಂದಿನ ಮಳೆಗಾಲವನ್ನು ಮಾದಮ್ಮನ ಅತ್ತೆ ಸೋರುವ ಗುಡ್ಲಿನಲ್ಲಿ ಉಬ್ಬಸ ಹಿಡಿದು ಕೂತೇ ಕಳೆದಿದ್ದಳು. ಇನ್ನೊಂದು ಮಳೆ ಹಾಗೆ ಕಳೆದರೆ ಮುದುಕಿ ಉಳಿಯುವುದಿಲ್ಲ ಎಂದು ಮಾದಮ್ಮ ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು. ಅವಳಿಗೆ ಮನೆ ಬೇಕಾಗಿತ್ತು. ಆದರೆ ಅವಳ ಗಂಡ ಜಡೆಯನಿಗೆ ನಂಬಿಕೆ ಇರಲಿಲ್ಲ.

"ಬುದ್ದೀ, ಸುಮ್ಕೆ ಯಾಕ್ ಕೊಟ್ಟಾರು?" ಎಂದು ಅವನು ನಮ್ಮ ಜಗಲಿಯ ಕೆಳಗೆ ನಿಂತು ಅಪ್ಪನನ್ನು ಕೇಳಿದ್ದ. "ನಾವು ಕೇಳ್ಲಿಲ್ಲ. ಕೇಳ್ದೇ ಕೊಡೋರು ಆಮ್ಯಾಕೆ ಏನೋ ಕೇಳ್ತಾರೆ."

"ಏನೂ ಕೇಳಲ್ಲ ಕಣೋ. ಇದ್ದರೆ ಆಯಿತು, ಅಷ್ಟೆ."

"ಇದ್ರೆ ಆಯ್ತು ಅಂದ್ರೆ? ಎದ್ದೋಗಂಗಿಲ್ವಾ?"

ಅಪ್ಪ ನಕ್ಕುಬಿಟ್ಟರು. ಜಡೆಯ ನಗಲಿಲ್ಲ.

ಬೇಸಿಗೆ ರಜೆ ಶುರುವಾಗುತ್ತಲೇ ಅಪ್ಪ ನನ್ನನ್ನೂ ಕೆಲಸದ ಜಾಗಕ್ಕೆ ಕರೆದೊಯ್ದರು. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಬೆಳಕವಾಡಿಯವರೆಗೆ. ಅಲ್ಲಿಂದ ಪಟೇಲರ ಗಾಡಿ. ಹುಣಸೆಮರದ ಆಚೆಗೆ ಮನೆಗಳ ಸಾಲು ಕಾಣಿಸಿತು. ನಾಡಹೆಂಚು, ಹೊಸ ಸುಣ್ಣ; ನೋಡಿದರೆ ಕಣ್ಣು ಕುಕ್ಕುವಷ್ಟು ಬಿಳುಪು. ಅಪ್ಪ ಜೇಬಿನಿಂದ ಮೊಳೆಯೊಂದನ್ನು ತೆಗೆದು ಗೋಡೆಯ ಗಾರೆಯನ್ನು ಅಲ್ಲಲ್ಲಿ ಕೆರೆದು ನೋಡಿದರು. ಕಂಟ್ರಾಕ್ಟರನ ಮೇಲೆ ಅವರಿಗೆ ಅನುಮಾನ. ಕಂಟ್ರಾಕ್ಟರ್ ಪಕ್ಕದಲ್ಲೇ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದ. ಇವರಿಗೆ ಎಷ್ಟು ಬೇಕೋ ಎಂಬುದು ಅವನ ಅನುಮಾನ. ಬಾಗಿಲುಗಳನ್ನು ಮಾಡಿದ ಬಡಗಿ ಬುಡನ್ ಸಾಬರು ಮಾತ್ರ ಯಾರನ್ನೂ ನೋಡದೆ ಕೀಲಿಗೆ ಎಣ್ಣೆ ಬಿಡುತ್ತಿದ್ದರು.

ಕೆಂಪಿ ಮತ್ತು ನಾನು ಜಗಲಿಯ ನೆರಳಿನಲ್ಲಿ ಕಲ್ಲಾಟಕ್ಕೆ ಕೂತೆವು. ಅವಳ ಕಲ್ಲುಗಳು ಹೊಳೆಯವು, ನುಣುಪು. ನಾನು ಎರಡು ಸಲ ಸೋತು, ಅವಳು ಏನೋ ಮೋಸ ಮಾಡುತ್ತಿದ್ದಾಳೆಂದು ಅವಳ ಕೈಯನ್ನೇ ನೋಡತೊಡಗಿದೆ.

"ಕೈ ನೋಡ್ಬ್ಯಾಡ, ಕಲ್ ನೋಡು" ಎಂದಳು. ಆಮೇಲೆ ಸಾಲಿನ ತುದಿಯಲ್ಲಿ ನೆಟ್ಟಿದ್ದ ಚಪ್ಪಡಿಯನ್ನು ತೋರಿಸಿದಳು. "ಅದ್ರಾಗೆ ಏನ್ ಕೆತ್ತವ್ರೆ?"

ಮೇಲೆ ಹೆಸರು, ಅದರ ಕೆಳಗೆ ಸಾಹುಕಾರರ ಧರ್ಮದ ಮಾತು. ನಾನು ಶಾಲೆಯಲ್ಲಿ ಪಾಠ ಒಪ್ಪಿಸುವ ಧ್ವನಿಯಲ್ಲಿ ಓದಿದೆ: "ಇರುಳಿಗರ ದೊಡ್ಡಿ."

ಕೆಂಪಿಯ ಕೈಯಿಂದ ಕಲ್ಲು ಜಾರಿತು. ಹುಣಸೆಮರದ ಕೆಳಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಮಾದಮ್ಮ ಎದ್ದು ಬಂದಳು.

"ಇನ್ನೊಂದ್ ಸಲ ಓದವ್ವ."

ಓದಿದೆ.

ನಮ್ಮ ಸೀಮೆಯಲ್ಲಿ ದೊಡ್ಡಿ ಎಂಬ ಮಾತಿಗೆ ಎರಡು ಅರ್ಥ. ಸಣ್ಣ ಹಳ್ಳಿಗೂ ದೊಡ್ಡಿ ಎನ್ನುತ್ತೇವೆ. ಅಂಥ ಹೆಸರಿನ ಊರುಗಳು ಸುತ್ತ ಎಷ್ಟೋ ಇವೆ. ಪೈರು ಮೇಯ್ದ ದನವನ್ನು ಹಿಡಿದು ಕೂಡುವ ಸರ್ಕಾರದ ಆವರಣಕ್ಕೂ ದೊಡ್ಡಿಯೆಂದೇ ಹೆಸರು. ಹಳ್ಳಿಯವರಿಗೆ ಎರಡೂ ಗೊತ್ತು. ಆದರೆ ಇರುಳಿಗರು ತಮ್ಮ ಜಾಗವನ್ನು ಯಾವತ್ತೂ ದೊಡ್ಡಿ ಎಂದವರಲ್ಲ. ಅವರ ಆಡುಗಳನ್ನು ಹೊಡೆದುಕೊಂಡು ಹೋಗಿ ಕೂಡಿಹಾಕುತ್ತಿದ್ದ ಜಾಗ ಒಂದೇ ಅವರ ಮಟ್ಟಿಗೆ ದೊಡ್ಡಿ.

ಜಡೆಯನೂ ಎದ್ದು ಬಂದ. ಒಂದು ಮನೆಯ ಹೊಸ್ತಿಲ ಹತ್ತಿರ ಹೋಗಿ ಬಾಗಿಲ ಮೇಲಿದ್ದ ಕಬ್ಬಿಣದ ಚಿಲಕವನ್ನು ಮುಟ್ಟಿದ. ಬಾಗಿಲನ್ನು ಒಳಕ್ಕೆ ತಳ್ಳಿ ಅದರ ಹಿಂಬದಿಯನ್ನೂ ಸವರಿ ನೋಡಿದ.

"ಬುದ್ದೀ, ಚಿಲಕ ಒರ್ಗಡೆ ಐತೆ. ಒಳ್ಗಡೆ ಇಲ್ವಲ್ಲ."

"ಯುದ್ಧದ ಕಾಲ ಕಣೋ, ಕಬ್ಬಿಣ ಸಿಕ್ಕೋದಿಲ್ಲ. ಬಾಗಿಲಿಗೆ ಒಂದೇ ಚಿಲಕ ಅಂತ ಅಪ್ಪಣೆ. ನೀವು ಹೊರಗೆ ಹೋಗುವಾಗ ಹಾಕಿಕೊಂಡು ಹೋಗಲಿ ಅಂತ ಹೊರಗೆ ಹಾಕಿಸಿದೆ."

"ದೊಡ್ಡೀಲೂ ಒರ್ಗಡೇನೇ ಇರೋದು."

ಆಗ ಮುದುಕಿ, ಮಾದಮ್ಮನ ಅತ್ತೆ, ಕೂತಲ್ಲಿಂದಲೇ ಏದುಸಿರಿನಲ್ಲಿ ಹೇಳಿದಳು: "ಆಡ್ನ ಕೂಡಿದ್ರೆ ಬುಡಿಸ್ಕೊಳಾಕೆ ನಾವ್ ಓಯ್ತಿದ್ವಿ. ನಮ್ನ ಕೂಡಿದ್ರೆ ಬುಡಿಸ್ಕೊಳಾಕೆ ಯಾರ್ಲಾ ಬತ್ತಾರೆ? ಆಡಾ?"

ಎಲ್ಲರೂ ನಕ್ಕರು, ಅಪ್ಪ ಕೂಡ. ಆದರೆ ನಕ್ಕಾದ ಮೇಲೆ ಒಬ್ಬರೂ ಮನೆಯೊಳಗೆ ಕಾಲಿಡಲಿಲ್ಲ.

ಅಪ್ಪ ಊರಿಗೆ ಮರಳಿ ಕೇಳಿದರೂ ಕಲ್ಲಿನ ಹೆಸರನ್ನು ಬದಲಾಯಿಸಲು ಸಾಹುಕಾರರು ಒಪ್ಪಲಿಲ್ಲ. ಊರಿಗೆ ದೊಡ್ಡಿ ಅನ್ನದೆ ಪಟ್ಟಣ ಅನ್ನೋದಕ್ಕಾಗುತ್ತದೆಯೇ ಎಂದು ಕೇಳಿದರಂತೆ. ಉಳಿದದ್ದು ಚಿಲಕ. ಮುಂದಿನ ಸಲ ನನ್ನನ್ನೂ ಕರೆದುಕೊಂಡು ಹೋದಾಗ ಅಪ್ಪ ಅದನ್ನು ಒಳಗಡೆ ಹಾಕಲು ಬುಡನ್ ಸಾಬರಿಗೆ ಹೇಳಿದರು.

"ಒಳಗೆ ಹಾಕಿದರೆ ಆಚೆಯಿಂದ ಮನೆ ಬಂದ್ ಆಗಲ್ಲ ಸ್ವಾಮಿ" ಎಂದರು ಸಾಬರು.

"ಗೊತ್ತು. ಆದರೆ ಅವರು ಒಳಗೆ ಬರಬೇಕಲ್ಲ."

"ನಾವು ಆಚೆಗೋದ್ರೆ ಕದಿಯಾಕೆ ಏನೈತೆ ಸಾಬ್ರೇ, ಮಡಕೆನಾ?" ಎಂದ ಜಡೆಯ. ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾದಮ್ಮ ಎಲ್ಲರಿಗಿಂತ ಮೊದಲು ಒಳಗೆ ಹೋದಳು. ಒಳಗಿನಿಂದ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹೊರಗೆ ನಿಂತವರಿಗೆ ಕಬ್ಬಿಣದ ಸದ್ದು, ಅವಳ ನಗು ಎರಡೂ ಕೇಳಿಸುತ್ತಿದ್ದವು. ಅತ್ತೆಯನ್ನು ಕೈಹಿಡಿದು ಕರೆತಂದು ಗೋಡೆಗೆ ಒರಗಿಸಿ ಕೂರಿಸಿದಳು. ಸಂಜೆಯೊಳಗೆ ಎಲ್ಲ ಮನೆಗಳಲ್ಲೂ ಒಲೆ ಹತ್ತಿತು.

ಪಟೇಲರೂ ಅಲ್ಲಿಗೆ ಬಂದಿದ್ದರು. ಹೊಸ್ತಿಲ ಮೇಲೆ ನಿಂತು, ಎರಡೂ ಕೈ ಚಾಚಿ ಬಾಗಿಲ ಅಗಲ ನೋಡಿದರು. "ಒಳ್ಳೆ ಎಮ್ಮೆ ನುಗ್ಗೋವಂಗೆ ಮಾಡ್ಸಿದ್ದೀರಿ ಸ್ವಾಮಿ" ಎಂದು ಅಪ್ಪನಿಗೆ ಹೇಳಿ ನಕ್ಕರು. ನನಗೆ ಆ ನಗು ಹಿಡಿಸಲಿಲ್ಲ. ಗಾಡಿಯಲ್ಲಿ ಬರುವಾಗ ಅಪ್ಪನಿಗೆ ಹೇಳಿದೆ. "ನಿಮ್ಮಮ್ಮನ ಹಾಗೆ ಆಡಬೇಡ" ಎಂದರು.

ಅದಾಗಿ ಸ್ವಲ್ಪ ದಿನಕ್ಕೆ ಮಾದಮ್ಮ ಮನೆಗೆ ಬಂದಾಗ ಅವಳ ಬೆನ್ನಿಗೆಲ್ಲ ಸುಣ್ಣ.

"ಏನೇ ಇದು?" ಎಂದಳು ಅಮ್ಮ.

"ಗೋಡೆ ಅಮ್ಮಾವ್ರೇ! ಒರಗ್ದೋರ್ನೆಲ್ಲ ಬೆಳ್ಳಗೆ ಮಾಡ್ತದೆ. ಇನ್ನೊಂದು ವರ್ಸಕ್ಕೆ ನಾನೂ ನಿಮ್ಮಂಗೇ ಆಯ್ತೀನಿ ನೋಡಿ."

ಅಮ್ಮ ಅಷ್ಟು ಜೋರಾಗಿ ನಕ್ಕದ್ದು ಅಪರೂಪ. ಅತ್ತೆ ಈಗ ಮಲಗಿಯೇ ನಿದ್ದೆ ಮಾಡುತ್ತಾಳಂತೆ. ಜೇನಿನ ಕಾಲ ಬಂತು, ಎಲ್ಲರೂ ಬೆಟ್ಟಕ್ಕೆ ಹೋಗುತ್ತೇವೆ ಎಂದೂ ಹೇಳಿದಳು. ಅವರ ಗುಂಪಿನಲ್ಲಿ ಹೆಜ್ಜೇನಿನ ಬಂಡೆಯ ಕೆಳಗೆ ಮೊದಲ ಹೊಗೆಯನ್ನು ಹಿರಿಯ ಹೆಂಗಸಿನ ಕೈಯಿಂದಲೇ ಹಾಕಿಸಬೇಕು. ಅದಕ್ಕೇ ಮುದುಕಿಯನ್ನೂ ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಾರೆ.

"ಮನೆ ಬಿಟ್ಟು ಹೋಗ್ತೀರಾ?" ಎಂದರು ಅಪ್ಪ.

"ಬುಟ್ಟು ಯಾಕೋಗಾನಾ ಬುದ್ದಿ? ಓಗಿ ಬತ್ತೀವಿ. ಮಳೆ ಬೀಳೋ ಒತ್ಗೆ ನಮ್ಮನೇಲಿರ್ತೀವಿ."

ನಮ್ಮನೆ ಎಂದು ಅವಳು ಹೇಳಿದ್ದನ್ನು ನಾನು ಗಮನಿಸಿದೆ. ಅಪ್ಪ ಪಟೇಲರಿಗೆ ನೋಡಿಕೊಂಡಿರಿ ಎಂದು ಹೇಳಿಕಳಿಸಿದರು. ನಾನಿದ್ದೀನಲ್ಲ ಸ್ವಾಮಿ ಎಂದು ಉತ್ತರ ಬಂತು.

ಆ ವರ್ಷ ಮುಂಗಾರು ಬೇಗ ಬಂತು. ಮಳೆ ಸುರಿದ ಮಾರನೆಯ ದಿನವೇ ಅಪ್ಪ ಹೆಂಚು ಸೋರುತ್ತಿದೆಯೇ ನೋಡಲು ಹೊರಟರು. ನಾನು ಹಟ ಹಿಡಿದು ಜೊತೆಗೆ ಹೋದೆ. ದೂರದಿಂದಲೇ ಗಂಜಲದ ವಾಸನೆ ಬಂತು. ಮನೆಮನೆಯೊಳಗೂ ಪಟೇಲರ ದನ. ಮಾದಮ್ಮನ ಮನೆಯಲ್ಲಿ ಎಮ್ಮೆಯೊಂದು ಒಲೆಯಿದ್ದ ಮೂಲೆಯಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಬಾಗಿಲಿಗೆ ಅಡ್ಡಲಾಗಿ ಬಿದಿರು ಕಟ್ಟಿದ್ದರು. ಗೋಡೆಯ ಸುಣ್ಣದ ಮೇಲೆ ಸಗಣಿ. ಒಳಗಿನ ಚಿಲಕವನ್ನು ಯಾರೋ ಕಿತ್ತುಕೊಂಡು ಹೋಗಿದ್ದರು.

ಇರುಳಿಗರೂ ಆಗತಾನೆ ಬೆಟ್ಟದಿಂದ ಇಳಿದಿದ್ದರು. ಜೇನಿನ ಗಡಿಗೆಗಳನ್ನು ಹುಣಸೆಮರದ ಕೆಳಗಿಟ್ಟು ಮಳೆಯಲ್ಲೇ ನಿಂತಿದ್ದರು. ಜಡೆಯನ ಬೆನ್ನ ಮೇಲಿದ್ದ ಮುದುಕಿ ಒಂದೇ ಸಮನೆ ಕೆಮ್ಮುತ್ತಿದ್ದಳು.

"ಏನಿದು ಪಟೇಲರೇ?" ಎಂದರು ಅಪ್ಪ.

"ಖಾಲಿ ಬಿದ್ದಿತ್ತು ಸ್ವಾಮಿ. ಬಾಗ್ಲು ತೆಗ್ದೇ ಇತ್ತು. ದನ ನೆನೀತಿದ್ವು." ಪಟೇಲರು ಕೊಡೆಯನ್ನು ಚಪ್ಪಡಿಯ ಕಡೆಗೆ ಚಾಚಿದರು. "ನೀವೇ ಕೆತ್ಸಿದ್ದೀರಲ್ಲ, ದೊಡ್ಡಿ ಅಂತ."

ಗಾಡಿಯವನು ಕಿಸಕ್ಕನೆ ನಕ್ಕ.

ಮಾದಮ್ಮ ಪಟೇಲರ ಕಡೆ ನೋಡಲೂ ಇಲ್ಲ. ಅಪ್ಪನ ಮುಂದೆ ಬಂದು ನಿಂತಳು. "ಬುದ್ದೀ, ಚಿಲಕ ಒಳ್ಗಡೆ ಆಕ್ಸಿದ್ದು ಇದ್ಕೇನಾ? ನೀವೂ ಅವ್ರ ಕಡೆಯೋರಾ?"

ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಪ್ಪನ ಬಾಯಿಂದ ಅದು ಬರಲಿಲ್ಲ. "ಕಮಿಟಿಗೆ ಹೇಳ್ತೀನಿ, ಎರಡು ದಿನ ತಡಿ" ಎಂದರು. ಇರುಳಿಗರೆಲ್ಲ ಗಡಿಗೆಗಳನ್ನು ತಲೆಗೇರಿಸಿಕೊಂಡು ಮತ್ತೆ ಕಾಡಿನ ಕಡೆಗೆ ನಡೆದರು. ಕೆಂಪಿ ತಿರುಗಿ ನೋಡಲಿಲ್ಲ.

ಕಮಿಟಿಯವರು ಅಪ್ಪನ ಮಾತು ಕೇಳಿದರು, ಮತ್ತು ಅಪ್ಪನನ್ನೇ ಪ್ರಶ್ನಿಸಿದರು. ಚಿಲಕ ಜಾಗ ಬದಲಾಯಿಸಲು ಯಾರ ಅಪ್ಪಣೆ? ಬದಲಾಯಿಸಿದ ಚಿಲಕಗಳು ಈಗ ಎಲ್ಲಿ? ಕಬ್ಬಿಣಕ್ಕೆ ಎಷ್ಟು ಬೆಲೆ ಬಂದಿದೆ ಎಂದು ಓವರ್ಸಿಯರಿಗೆ ಗೊತ್ತಿಲ್ಲವೇ? ಮನೆಗಳ ವಿಚಾರ ಆ ಮಾತಿನಲ್ಲಿ ಎಲ್ಲೋ ಹೋಯಿತು. ಬಿಟ್ಟುಹೋದ ಮನೆಗಳನ್ನು ಇರಲೊಪ್ಪುವವರಿಗೆ ಕೊಡುವುದೆಂದು ಠರಾವಾಯಿತು. ಇರಲೊಪ್ಪಿದವರು ಪಟೇಲರ ಗೇಣಿದಾರರು. ಅಪ್ಪನಿಗೆ ಮದ್ದೂರಿಗೆ ವರ್ಗವಾಯಿತು. ಅಲ್ಲಿ ಅವರು ರಸ್ತೆ, ಮೋರಿ ಕಟ್ಟಿಸಿದರು. ಮನೆ ಕಟ್ಟಿಸುವ ಕೆಲಸವನ್ನು ಮತ್ತೆ ಕೇಳಿ ಪಡೆದದ್ದು ನಾನು ಕಾಣೆ. ನಾವು ಮಳವಳ್ಳಿಯಲ್ಲಿದ್ದ ಉಳಿದ ದಿನಗಳಲ್ಲಿ ಹಿತ್ತಲ ಬಾಗಿಲಿಗೆ ಮಾದಮ್ಮ ಬರಲಿಲ್ಲ. ಅಮ್ಮ ಕೆಲವು ದಿನ ಕಾದಳು.

ಬಿ.ಎ. ಮುಗಿಸಿದ ವರ್ಷ, ಗೆಳತಿಯರ ಜೊತೆ ಶಿವನಸಮುದ್ರಕ್ಕೆ ಹೋಗುವಾಗ ನಾನೊಬ್ಬಳೇ ಬೆಳಕವಾಡಿಯಲ್ಲಿ ಇಳಿದು ಆ ಕಡೆ ನಡೆದೆ. ಯಾಕೆ ಎಂದು ಅವರಿಗೆ ಹೇಳಲಿಲ್ಲ. ಸಾಲಿನ ಮುಂದೆ ಕನಕಾಂಬರದ ಗಿಡಗಳಿದ್ದವು, ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ರಾಗಿ ಕೇರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮನೆ ಇಚಾರಕ್ಕೆ ಬಂದೋರಾ?"

"ಅಲ್ಲ. ಇಲ್ಲಿ ಮೊದಲು ಇರುಳಿಗರು ಇದ್ದರಲ್ಲ, ಅವರು ಈಗ ಎಲ್ಲಿ?"

"ಅಯ್ಯೋ, ಅವ್ರಾ!" ಅವಳ ಮುಖ ಹಗುರಾಯಿತು. "ಅವ್ರು ಮನೇಲಿರೋ ಜನ ಅಲ್ಲ ಕಣಮ್ಮ. ಸರ್ಕಾರದೋರು ಕಟ್ಟಿ ಕೊಟ್ರೂ ಬುಟ್ಬುಟ್ಟು ಕಾಡ್ಗೆ ಓದ್ರಂತೆ. ಅವರ್ಗೆ ಬೇಕಾಗಿರ್ಲಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ, ಕೇಳಿದ್ದನ್ನು ಹೇಳುತ್ತಿದ್ದಳು. ಬುಡನ್ ಸಾಬರು ತೀರಿಕೊಂಡಿದ್ದಾರೆ. ಅಪ್ಪ ಆ ವಿಷಯ ಎತ್ತುವುದಿಲ್ಲ. ಮುದುಕಿ ಆ ಮಳೆಗಾಲವನ್ನು ದಾಟಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲು ಕೆಂಪಿ ಎಲ್ಲಿದ್ದಾಳೆಂದು ತಿಳಿಯದು. ಮಾದಮ್ಮನಿಗೆ ಆ ಮನೆ ಬೇಕಾಗಿತ್ತು ಎಂದು ಬಲ್ಲವರು ಆ ಊರಿನಲ್ಲಿ ಈಗ ಒಬ್ಬರೂ ಇಲ್ಲ.