ಸೋತ ದಿನ ನಾವು ಬಿಡಿಸಿ ನೋಡಿದ ಅಂಗೈಗಳು

ಓದುವ ನಿಮಗೆಲ್ಲ ನಮಸ್ಕಾರ. ನಾನು ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ದೀರ್ಘ, ಒತ್ತು ತಪ್ಪಿದ್ದರೆ ದಯವಿಟ್ಟು ಮನ್ನಿಸಿ. ಬರೆಯಲು ಕೂತಿರುವುದು ಬೇರೊಂದು ತಪ್ಪಿನ ಬಗ್ಗೆ. ಅದಕ್ಕೆ ನಿಮ್ಮಲ್ಲಿ ಕ್ಷಮೆ ಕೇಳಿ ಪ್ರಯೋಜನವಿಲ್ಲ.

ಐವತ್ತರ ದಶಕದ ಮಾತು. ದೊಡ್ಡಗಾಜನೂರಿಗೆ ಹತ್ತಿರದ ನಮ್ಮ ಊರಿನಲ್ಲಿ ಗೇಣಿದಾರರು, ಕೂಲಿಯವರು ಸೇರಿ ಒಂದು ಸಂಘ ಮಾಡಿಕೊಂಡಿದ್ದೆವು. ಕೆಂಪು ಬಾವುಟದ ಸಂಘ. ಅದನ್ನು ಕಟ್ಟಿದವರು ಕೊಯಮತ್ತೂರಿನ ಮಿಲ್ಲಿನಲ್ಲಿ ದುಡಿದು, ಮುಷ್ಕರದಲ್ಲಿ ಕೆಲಸ ಕಳೆದುಕೊಂಡು ವಾಪಸು ಬಂದ ಒಬ್ಬರು. ಸಂಜೆ ನಮಗೆ ಓದು ಕಲಿಸುತ್ತಿದ್ದರಿಂದ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ನನಗಾಗ ಇಪ್ಪತ್ತೆರಡು. ಅಪ್ಪ ಅವ್ವ ಇರಲಿಲ್ಲ. ಅಕ್ಕ ಭಾವನ ಮನೆಯೇ ನನ್ನ ಮನೆ. ಉಣ್ಣುವುದು, ಮಲಗುವುದು ಎಲ್ಲ ಅಲ್ಲೇ.

ಪಂಚಾಯ್ತಿ ಚುನಾವಣೆ ಬಂತು. ಮೇಷ್ಟ್ರು ನಿಂತರು. ಅವರ ಎದುರು ನಿಂತವನು ಊರಿನ ಅರ್ಧ ಹೊಲದ ಒಡೆಯ. ಎಲ್ಲರೂ ಯಜಮಾನ ಎನ್ನುತ್ತಿದ್ದರು. ಅವನ ಗೇಣಿದಾರರೇ ಅವನನ್ನು ಬೈಯುತ್ತಿದ್ದರು, ಹಾಗಾಗಿ ಅವನು ಗೆಲ್ಲುತ್ತಾನೆಂದು ನಮಗೆ ಕನಸಿನಲ್ಲೂ ಬಂದಿರಲಿಲ್ಲ. ಅವನು ಗಾಡಿ ಮೇಲೆ ನಿಂತು ಕೂಗುತ್ತಿದ್ದ.

“ಕೆಳಗಿಂದ ಬಂದ ಆಪೀಸರ್‌ಗಳು ನಿಮ್ಮ ದನ ಇಡ್ದು ದೊಡ್ಡಿಗಾಕ್ತಾವ್ರೆ. ಈ ಬಾವುಟದವ್ರು ಗೆದ್ರೆ ಮಾರಮ್ಮನ ಗುಡಿಗೆ ಬೀಗ ಜಡೀತಾರೆ. ನಿಮ್ಮವ್ನು ಅಂತ ಇರಾದು ನಾನೊಬ್ನೇ ಕಣ್ರಪ್ಪ!”

ನಾವು ನಗುತ್ತಿದ್ದೆವು. ಘಟ್ಟದ ಕೆಳಗಿನಿಂದ ಬಂದ ಅಧಿಕಾರಿಗಳು ದನ ಹಿಡಿಯುತ್ತಿದ್ದದ್ದೇನೋ ನಿಜ, ಭಾವನ ಎರಡು ಎತ್ತೂ ದೊಡ್ಡಿಯಲ್ಲಿದ್ದವು. ಮತದಾನದ ಹಿಂದಿನ ದಿನ ಮೇಷ್ಟ್ರು ಎಲ್ಲರನ್ನೂ ಸಂಘದ ಗುಡಿಸಲ ಮುಂದೆ ಸೇರಿಸಿದರು. ಬಾವುಟದ ಎದುರು ಎಲ್ಲರೂ ಮುಷ್ಟಿ ಎತ್ತಿದರು, ಭಾವನೂ ಎತ್ತಿದ. ಅಷ್ಟಕ್ಕೇ ಗೆದ್ದೆವು ಅಂದುಕೊಂಡೆವು.

ಎಣಿಕೆ ನಡೆದದ್ದು ಇಸ್ಕೂಲಿನ ಜಗಲಿಯಲ್ಲಿ. ಆಗೆಲ್ಲ ಚುನಾವಣೆಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ. ಯಜಮಾನನ ಪೆಟ್ಟಿಗೆ ಬೋರಲು ಹಾಕಿದಾಗ ಚೀಟಿಗಳು ಗುಡ್ಡೆಯಾಗಿ ಸುರಿದವು. ನಮ್ಮದರಿಂದ ಉದುರಿದ್ದು ಒಂದು ಬೊಗಸೆ. ಮೇಷ್ಟ್ರು ಪೆಟ್ಟಿಗೆಯೊಳಗೆ ಕೈ ಹಾಕಿ ಮೂಲೆ ಮೂಲೆ ತಡಕಿದರು. ಹೊರಗೆ ತಮಟೆ ಶುರುವಾಯಿತು.

ಗುಡಿಸಲಿಗೆ ಬಂದ ಮೇಲೆ ಮೇಷ್ಟ್ರು ಹೇಳಿದ್ದು ಇಷ್ಟೇ: “ನಮ್ಮೊಳ್ಗೇ ದ್ರೋಹಿಗಳವ್ರೆ.” ಆಗ ನಮ್ಮವನೊಬ್ಬ ಗುಟ್ಟು ಬಿಚ್ಚಿದ. ಯಜಮಾನ ಒಂದು ವಾರ ಮೊದಲೇ ಜನರನ್ನು ಒಬ್ಬೊಬ್ಬರಾಗಿ ಮಾರಮ್ಮನ ಗುಡಿಗೆ ಕರೆಸಿ, ಓಟು ತನಗೇ ಎಂದು ಕರ್ಪೂರದ ಆಣೆ ಮಾಡಿಸಿಕೊಂಡಿದ್ದ. ನಮ್ಮ ಕಡೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಮಾತು ಕೊಟ್ಟರೆ ಮುಗಿಯಿತು, ಅದನ್ನು ಯಾರೂ ಮುರಿಯುವುದಿಲ್ಲ. ಅಂಥ ಆಣೆಯೆಲ್ಲ ಮೂಢನಂಬಿಕೆ ಎಂದು ನಮಗೆ ಪಾಠ ಆಗಿತ್ತು. ಹಾಗಾಗಿ ಅದರ ಕಡೆ ನಾವು ನೋಡಿಯೇ ಇರಲಿಲ್ಲ.

“ಕೈ ನೋಡುದ್ರೆ ಗೊತ್ತಾಯ್ತದೆ ಕಣ್ಲಾ. ಸುಟ್ಟಿರೋ ಗುರ್ತು ಇದ್ದೇ ಇರ್ತದೆ,” ಎಂದ ಅವನು.

ನಾವು ಹತ್ತು ಹನ್ನೆರಡು ಜನ ಹೊರಟೆವು. ಮೇಷ್ಟ್ರು ತಡೆಯಲಿಲ್ಲ. ನನ್ನ ಕೈಯಲ್ಲಿ ಬಾವುಟದ ಬಿದಿರು ಕೋಲು ಇತ್ತು, ಬಟ್ಟೆ ಬಿಚ್ಚಿಟ್ಟಿದ್ದೆ. ಮೊದಲನೆ ಮನೆಯಲ್ಲಿ ಒಬ್ಬ ಮುದುಕ. ಮುಚ್ಚಿದ ಮುಷ್ಟಿಯನ್ನು ಇಬ್ಬರು ಬಿಡಿಸಿದರು. ನಡುವೆ ಒಂದು ಕಪ್ಪು ಕಲೆ. ನಾನೇ ಕೆನ್ನೆಗೆ ಬಾರಿಸಿದೆ. ಮುದುಕ ಬಿದ್ದಾಗ ತಲೆ ಒರಳಿಗೆ ತಾಗಿ ರಕ್ತ ಬಂತು. ಮುಂದಿನ ಮನೆಯಲ್ಲಿ ನೆಲದೊಳಗಿನ ಹಗೇವಿನ ಬಾಯಿ ತೆಗೆದು ರಾಗಿಗೆ ನೀರು ಸುರಿದೆವು. ಆ ಮನೆಯವನ ಬೆನ್ನಿನ ಮೇಲೆ ಒಬ್ಬ ನಿಂತೇ ಬಿಟ್ಟ. ಆಮೇಲೆ ಬಂದದ್ದು ಅಕ್ಕನ ಮನೆ.

ಭಾವ ಜಗಲಿಯಲ್ಲಿ ನೊಗಕ್ಕೆ ಹಗ್ಗ ಕಟ್ಟುತ್ತಿದ್ದ.

“ಬಾವ, ಕೈ ಬಿಡ್ಸು.”

“ಯಾಕ್ಲಾ, ಸಾಸ್ತ್ರ ಏಳೀಯಾ?” ಎಂದು ನಕ್ಕ. ಹಿಂದಿದ್ದವರನ್ನು ನೋಡಿ ನಗು ನಿಲ್ಲಿಸಿದ. ತಾನೇ ಬಲಗೈ ಚಾಚಿದ. ಕಲೆ ಇತ್ತು.

“ನಮ್ಮ ಬಾವುಟುದ್ ಮುಂದೆ ಕೈ ಎತ್ತಿದ್ಯಲ್ಲ?”

“ಅದು ನಿನಗೋಸ್ಕರ ಎತ್ತುದ್ದು ಕಣ್ಲಾ. ಇದು ಅಮ್ಮುನ್ ಮುಂದೆ ಕೊಟ್ಟ ಮಾತು. ಇಡ್ಕೊಂಡೋಗಿರೋ ಆ ಎರಡು ಎತ್ತ ಬುಡ್ಸಿಕೊಡ್ತೀನಿ ಅಂದ ಯಜಮಾನ. ನಿಮ್ಮ ಮೇಷ್ಟ್ರು ಒಂದಿನಾರ ಎತ್ತಿನ ಸುದ್ದಿ ಆಡಿದ್ರಾ?”

ಹಿಂದಿನಿಂದ ಒಬ್ಬ ಕಿಚಾಯಿಸಿದ: “ಏನ್ಲಾ, ಬಾವ ಅಂತ ಸುಮ್ಕೆ ಬುಟ್ಬುಟ್ಟೀಯಾ? ಆ ಮುದುಕುಂಗೆ ಒಡ್ಯಾಕೆ ಬಂತು ಕೈ!”

ನಾನು ಕೋಲು ಬೀಸಿದೆ. ಭಾವ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ನಿಜವಾಗಿ ಹೊಡೆಯುತ್ತೇನೆ ಅಂತ ಅವನಿಗೆ ಅನ್ನಿಸಿರಲಿಕ್ಕಿಲ್ಲ. ಮಣಿಕಟ್ಟು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ನಾನು ಇನ್ನೊಂದು ಸಲ ಹೊಡೆದೆ. ಅದನ್ನೂ ಬರೆಯಬೇಕು.

ಮುದ್ದೆ ತೊಳಸುತ್ತಿದ್ದ ಅಕ್ಕ ಹಾಗೇ ಓಡಿ ಬಂದಳು. ನನ್ನ ಮುಖದ ಮುಂದೆ ತನ್ನ ಅಂಗೈ ಹಿಡಿದಳು. ಅಲ್ಲೂ ಕಲೆ.

“ಇಗಾ, ನಂದೂ ನೋಡು. ನಾನೂ ಆರ್ಸಿವ್ನಿ. ಒಡಿ. ಸಾಕಿದ್ ಕೈ ಕಣ್ಲಾ, ಒಡಿ!”

ನನ್ನ ಜೊತೆಯವರು ಒಬ್ಬೊಬ್ಬರೇ ಹಿಂದೆ ಸರಿದರು. ಅಷ್ಟರಲ್ಲಿ ಯಜಮಾನನ ಆಳುಗಳು ಮಚ್ಚು, ದೊಣ್ಣೆ ಹಿಡಿದು ಬೀದಿಗೆ ನುಗ್ಗಿದರು. ನನ್ನ ಎರಡು ಹಲ್ಲು ಹೋದವು. ಮೇಷ್ಟ್ರ ಕಿವಿ ಸೀಳಿತು. ಗುಡಿಸಲಿಗೆ ಬೆಂಕಿ ಹಚ್ಚಿದರು, ನಮ್ಮ ಸ್ಲೇಟುಗಳು ಒಳಗೇ ಸಿಡಿದವು. ಪೊಲೀಸರು ಹಿಡಿದುಕೊಂಡು ಹೋದದ್ದು ನಮ್ಮನ್ನು ಮಾತ್ರ.

ಲಾಕಪ್ಪಿನಲ್ಲಿ ಮೇಷ್ಟ್ರು ಕಿವಿಗೆ ಬಟ್ಟೆ ಒತ್ತಿಕೊಂಡು, “ಜನುಕ್ಕೆ ಇನ್ನೂ ತಿಳುವಳ್ಕೆ ಬಂದಿಲ್ಲ,” ಎಂದರು. ನಾನು ಮೊದಲ ಸಲ ಅವರಿಗೆ ಎದುರಾಡಿದೆ: “ಎತ್ತಿನ್ ಸುದ್ದಿ ನಾವ್ಯಾಕೆ ಆಡ್ನಿಲ್ಲ ಮೇಷ್ಟ್ರೇ?” ಅವರು ಗೋಡೆ ಕಡೆ ತಿರುಗಿ ಮಲಗಿದರು.

ಬಿಡುಗಡೆಯಾಗಿ ಬಂದಾಗ ರಾಗಿ ಬಿತ್ತನೆ ಹೊತ್ತು. ಭಾವನ ಕೈ ಸೊಟ್ಟಗೆ ಕೂಡಿಕೊಂಡಿತ್ತು, ನೇಗಿಲ ಮೇಣಿ ಹಿಡಿಯಲು ಆಗುತ್ತಿರಲಿಲ್ಲ. ಯಜಮಾನ ಎತ್ತು ಬಿಡಿಸಿಕೊಟ್ಟಿರಲಿಲ್ಲ. ನಾನು ಬೇರೆಯವರ ಎತ್ತು ಬೇಡಿ ತಂದು, ಯಾರನ್ನೂ ಕೇಳದೆ ಅವರ ಹೊಲಕ್ಕೆ ಇಳಿದೆ. ಮಧ್ಯಾಹ್ನ ಅಕ್ಕ ಬುತ್ತಿ ತಂದಳು, ಒಬ್ಬರಿಗಾಗುವಷ್ಟು. ಭಾವ ಎಡಗೈಯಲ್ಲಿ ಮುದ್ದೆ ಮುರಿದು ಅರ್ಧ ನನ್ನ ಕಡೆ ತಳ್ಳಿದ.

ಅಕ್ಕ ನನ್ನ ಮುಖ ನೋಡದೆ ಗಂಡನಿಗೆ ಹೇಳಿದಳು: “ಒಲದಲ್ಲಿ ತಿನ್ಲಿ. ಒಸ್ಲು ದಾಟಾದು ಮಾತ್ರ ಬ್ಯಾಡ.”

ಅವರ ಹೊಲ ನಾನೇ ಉತ್ತೆ, ಪ್ರತಿ ವರ್ಷ. ಮರುವರ್ಷದಿಂದ ಬುತ್ತಿಯಲ್ಲಿ ಎರಡು ಮುದ್ದೆ ಬರುತ್ತಿತ್ತು. ಒಳಗೆ ಬಾ ಎಂದು ಅಕ್ಕ ಕೊನೆಯವರೆಗೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಅವಳ ಹೆಣ ಎತ್ತಿದ ದಿನವೂ ಅಂಗಳದಲ್ಲೇ ನಿಂತಿದ್ದೆ.

ಚುನಾವಣೆ ಸೋತ ಸಿಟ್ಟನ್ನು ಸ್ವಂತದವರ ಮೇಲೆ ತೀರಿಸಿಕೊಂಡದ್ದು ನಿಮ್ಮ ಊರಲ್ಲೂ ಆಗಿರಬಹುದು. ಆಗಿದ್ದರೆ ಬರೆದು ತಿಳಿಸಿ. ಏಟು ತಿಂದವರಷ್ಟೇ ಅಲ್ಲ, ಕೊಟ್ಟವರೂ ಬರೆಯಿರಿ.