ನಂಜುಂಡಪ್ಪನವರು ಒಪ್ಪಿದ್ದರು

ಶೈಲಜಾಳನ್ನು ಆ ವರ್ಷ ಊರಿಗೆ ಹೋಗದಂತೆ ತಡೆದವಳು ನಾನು. ಶಾಲೆಯ ಕಾರ್ಯದರ್ಶಿ ನಂಜುಂಡಪ್ಪನವರು ಒಪ್ಪಲಿಲ್ಲ ಎಂದು ಅವಳಿಗೆ ಹೇಳಿದ್ದೆ. ಅವರು ಒಪ್ಪಿದ್ದರು — ಮರುಮಾತಿಲ್ಲದೆ ಒಪ್ಪಿದ್ದರು. ಅವಳು ಇಷ್ಟು ವರ್ಷ ಅವರನ್ನು ಕಲ್ಲು ಮನಸ್ಸಿನವರೆಂದುಕೊಂಡಳು, ನನ್ನನ್ನು ತನ್ನ ಪರ ನಿಂತವಳೆಂದುಕೊಂಡಳು. ಅವರು ತೀರಿಕೊಂಡರು. ನಾನು ಆ ಹೆಸರನ್ನು ಹೊತ್ತುಕೊಂಡೇ ನಿವೃತ್ತಳಾದೆ.

ಆಗ ನಾನು ಬಸವನಗುಡಿಯ ಒಂದು ಖಾಸಗಿ ಶಾಲೆಯಲ್ಲಿ ಉಪಪ್ರಾಂಶುಪಾಲೆ. ಶೈಲಜಾ ಹತ್ತನೇ ತರಗತಿಗೆ ಗಣಿತ ಹೇಳುತ್ತಿದ್ದಳು. ಬಳ್ಳಾರಿಯವಳು, ಮದುವೆಯಾಗಿರಲಿಲ್ಲ, ಚಾಮರಾಜಪೇಟೆಯಲ್ಲಿ ಆಗ ನಾನಿದ್ದ ನಮ್ಮ ತಂದೆಯ ಮನೆಯ ಹಿಂದಿನ ಬೀದಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ತಾಯಿ ಇಲ್ಲದ ಅವಳನ್ನು ಬೆಳೆಸಿದ್ದು ಅಕ್ಕ ಮಂಗಳಾ. ತಲೆ ಬಾಚಿದ್ದು, ಓದಿಸಿದ್ದು, ಬೆಂಗಳೂರಿನ ಬಸ್ಸು ಹತ್ತಿಸಿದ್ದು ಎಲ್ಲ ಅವಳೇ. ಶೈಲಜಾ ಮಾತೆತ್ತಿದರೆ ಅಕ್ಕನ ಹೆಸರು ಬರುತ್ತಿತ್ತು.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಶೈಲಜಾ ನನ್ನ ಕೋಣೆಗೆ ಬಂದು ರಾಜೀನಾಮೆ ಕೊಟ್ಟಳು. ಮಂಗಳಾಳ ಮೆದುಳಿನಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಮಾಡುವ ಜಾಗದಲ್ಲಿರಲಿಲ್ಲ. ಮೊದಲು ನೆನಪು ಹೋಗುತ್ತದೆ, ಆಮೇಲೆ ಮಾತು. ಗುರುತು ಹಿಡಿಯುತ್ತಿರುವಾಗಲೇ ಜೊತೆಗಿರಬೇಕೆನ್ನುವವರು ಬಂದು ಇದ್ದುಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಆದರೆ ನಮ್ಮಲ್ಲಿ ಮೂರು ತಿಂಗಳ ನೋಟಿಸಿನ ನಿಯಮವಿತ್ತು. ಅದನ್ನು ಮುಗಿಸದೆ ಹೋದವರಿಗೆ ಅನುಭವ ಪತ್ರ ಸಿಗುತ್ತಿರಲಿಲ್ಲ. ಅವರ ಪದವಿಯ ಮೂಲ ಪ್ರಮಾಣಪತ್ರಗಳೂ ಶಾಲೆಯ ಬೀರುವಿನಲ್ಲೇ ಉಳಿಯುತ್ತಿದ್ದವು. ಅವಿಲ್ಲದೆ ಬಳ್ಳಾರಿಯಲ್ಲಿ ಇನ್ನೊಂದು ಕೆಲಸ ಹಿಡಿಯುವುದು ಹೇಗೆ? ಭಾವನ ದುಡಿಮೆ ಔಷಧಿಗೇ ಸಾಲುತ್ತಿರಲಿಲ್ಲ.

"ಮೇಡಂ, ನೀವೊಂದು ಮಾತು ಹೇಳಿ ನೋಡಿ. ನಾನು ಕೇಳಿದ್ರೆ ರೂಲ್ಸ್ ಅಂತಾರೆ," ಎಂದಳು.

ಹೇಳುತ್ತೇನೆಂದೆ. ಮನಸ್ಸಿನಿಂದಲೇ ಹೇಳಿದ್ದೆ — ಆ ಹೊತ್ತಿಗೆ.

ಸಂಜೆ ಮಲ್ಲೇಶ್ವರಕ್ಕೆ ಹೋದೆ. ನಂಜುಂಡಪ್ಪನವರು ಜಗುಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, ಮೊರವನ್ನು ಪಕ್ಕಕ್ಕಿಟ್ಟರು. "ಕಳಿಸ್ಬಿಡಿ. ಅಕ್ಕಂಗೆ ಹಾಗಾಗಿರೋವಾಗ ನಾವು ನೋಟಿಸು ಅಂತ ಕೂತ್ರೆ ಏನು ಚೆನ್ನ? ಮಿಕ್ಕಿದ್ದು ನೀವೇ ನೋಡ್ಕೊಳ್ಳಿ," ಎಂದರು.

ಮಿಕ್ಕಿದ್ದು! ಮಿಕ್ಕಿದ್ದೆಂದರೆ ಹತ್ತನೇ ತರಗತಿಯ ಗಣಿತ. ಪರೀಕ್ಷೆ ಹತ್ತಿರವಿತ್ತು. ಆ ವರ್ಷ ನಮ್ಮ ಪ್ರಾಂಶುಪಾಲರು ನಿವೃತ್ತರಾಗುವವರಿದ್ದರು, ಅವರ ಕುರ್ಚಿ ನನ್ನದಾಗಬಹುದೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಫಲಿತಾಂಶ ಕೆಟ್ಟರೆ — ಬಸ್ಸಿನಲ್ಲಿ ಕುಳಿತು ಇದನ್ನೆಲ್ಲ ಲೆಕ್ಕ ಹಾಕಿದೆನೇ? ಹಾಕಿದ್ದೆನೆಂದು ಈಗ ಅನಿಸುತ್ತದೆ. ಆಗ ಮಾತ್ರ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದೇನೆಂದೇ ನಂಬಿದ್ದೆ.

ಶೈಲಜಾ ನಮ್ಮ ಮನೆಯ ಗೇಟಿನ ಹತ್ತಿರವೇ ಕಾಯುತ್ತಿದ್ದಳು. ನನ್ನ ಮುಖ ನೋಡಿದಳು. ನನಗೆ ಅಲ್ಲಿಯವರೆಗೆ ಏನನ್ನೂ ತೀರ್ಮಾನಿಸಿದ ನೆನಪಿಲ್ಲ, ಬಾಯಿ ತೆರೆದುಕೊಂಡಿತು.

"ಒಪ್ಪಲಿಲ್ಲ ಶೈಲಾ. ಎಷ್ಟೋ ಹೇಳಿದೆ."

ಅವಳು ಅಳಲಿಲ್ಲ. ನನ್ನ ಕೈ ಹಿಡಿದುಕೊಂಡಳು. "ಪಾಪ, ಅಷ್ಟು ದೂರ ಹೋಗಿ ಕೇಳಿದ್ರಲ್ಲ ಮೇಡಂ. ಇನ್ನೇನು ಮಾಡೋಕಾಗುತ್ತೆ," ಎಂದಳು.

ಒಂದು ಸಂಜೆಯ ದೌರ್ಬಲ್ಯ ಎಂದು ಹೇಳಿ ಹಗುರಾಗಬಹುದಿತ್ತು. ಆದರೆ ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳಲ್ಲ — ಆಗ ಹೇಳಬಹುದಿತ್ತು. ಅದರ ಮರುದಿನ, ಅದರ ಮರುವಾರ... ನಂಜುಂಡಪ್ಪನವರು ಮನಸ್ಸು ಬದಲಾಯಿಸಿದರು ಎಂದು ಇನ್ನೊಂದು ಸುಳ್ಳನ್ನಾದರೂ ಹೇಳಿ ಅವಳನ್ನು ಕಳಿಸಬಹುದಿತ್ತು. ಅದಕ್ಕೆ ಬದಲು ಭಾನುವಾರಗಳಲ್ಲೂ ಮಕ್ಕಳಿಗೆ ವಿಶೇಷ ತರಗತಿ ಇಟ್ಟೆ. ರಾತ್ರಿ ಬಸ್ಸಿಗೆ ಹೋಗಿ ಅಕ್ಕನನ್ನು ನೋಡಿಕೊಂಡು ಬರಲು ಅವಳಿಗಿದ್ದ ಒಂದೇ ದಿನವನ್ನೂ ಹಾಗೆ ತೆಗೆದುಕೊಂಡೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನ ಕಿಟಕಿಯ ಬಳಿ ನಿಂತು ಅವಳು ಅಕ್ಕನಿಗೆ ಫೋನ್ ಮಾಡುತ್ತಿದ್ದಳು. ಮೊದಮೊದಲು ನಗು ಕೇಳಿಸುತ್ತಿತ್ತು. ಆಮೇಲೆ ಅವಳೊಬ್ಬಳೇ ಮಾತಾಡುತ್ತಿದ್ದಳು. ಮಾರ್ಚಿನಲ್ಲಿ ಒಂದು ದಿನ "ನಾನು ಅಕ್ಕ, ಶೈಲು... ಶೈಲು," ಎಂದು ಮೂರ್ನಾಲ್ಕು ಸಲ ಹೇಳಿ, ಫೋನ್ ಇಟ್ಟು, ಊಟ ಹಾಗೇ ಇದ್ದ ಡಬ್ಬಿಯನ್ನು ತೊಳೆಯಲು ಹೋದಳು. ನಾನು ಅಲ್ಲೇ ಇದ್ದೆ. ಮೊಸರನ್ನ ತಿನ್ನುತ್ತಿದ್ದೆ. ತಿಂದು ಮುಗಿಸಿದೆ.

ಪರೀಕ್ಷೆಯ ದಿನಗಳಲ್ಲಿ ಶಾಲೆಗೆ ಬಂದಿದ್ದ ನಂಜುಂಡಪ್ಪನವರು ಅವಳನ್ನು ಕಾರಿಡಾರಿನಲ್ಲಿ ಕಂಡು ಬೆರಗಾದರು. ಈ ಹುಡುಗಿ ಇನ್ನೂ ಹೋಗಿಲ್ಲವೇ ಎಂದು ನನ್ನನ್ನು ಕೇಳಿದರು. ಮಕ್ಕಳ ಪರೀಕ್ಷೆ ಮುಗಿಸಿಯೇ ಹೋಗುತ್ತೇನೆಂದು ಅವಳೇ ಹಟ ಹಿಡಿದಳು ಎಂದೆ. ಎಂಥ ಕರ್ತವ್ಯನಿಷ್ಠೆ ಎಂದು ಅವರು ತಲೆದೂಗಿದರು. ಅವರು ಅವಳ ಹತ್ತಿರ ಹೋಗಿ ಮಾತಾಡಿಸಿಬಿಟ್ಟರೆ ಎಂದು ಹೆದರಿದೆ. ಮಾತಾಡಿಸಲಿಲ್ಲ. ನಾನು ನಿಟ್ಟುಸಿರುಬಿಟ್ಟೆ — ಈಗ ಆ ನಿಟ್ಟುಸಿರಿನ ನೆನಪೇ ನನಗೆ ಎಲ್ಲಕ್ಕಿಂತ ಹೇಸಿಗೆ ತರಿಸುವುದು.

ಗಣಿತದಲ್ಲಿ ಒಂದು ಮಗುವೂ ಫೇಲಾಗಲಿಲ್ಲ. ನಾನು ಪ್ರಾಂಶುಪಾಲೆಯಾದೆ. ಅದಕ್ಕೂ ಮೊದಲು, ನೋಟಿಸು ಮುಗಿಸಿ ಹೊರಟ ದಿನ ಶೈಲಜಾ ನನಗೊಂದು ಸೀರೆ ಕೊಟ್ಟು, ಕಾಲಿಗೆ ಬಿದ್ದು ಹೋದಳು. ಮಂಗಳಾ ಮುಂದಿನ ವರ್ಷ ತೀರಿಕೊಂಡಳು. ಆ ಸುದ್ದಿ ಹೇಳಲು ಫೋನ್ ಮಾಡಿದ ಶೈಲಜಾ, ತಾನು ಊರು ತಲುಪಿದ ದಿನ ಅಕ್ಕ ತನ್ನನ್ನು ಹೊಸದಾಗಿ ಬಂದ ಕೆಲಸದವಳೆಂದುಕೊಂಡಳು, ಕೊನೆಯವರೆಗೂ ಹಾಗೇ ಅಂದುಕೊಂಡಿದ್ದಳು ಎಂದಳು. ಯಾರನ್ನೂ ದೂರದೆ ಹೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಪ್ರತಿ ಯುಗಾದಿಗೂ ಅವಳ ಫೋನ್ ಬರುತ್ತಿತ್ತು. ಆರೋಗ್ಯ ಹೇಗಿದೆ ಮೇಡಂ, ಮಂಡಿ ನೋವು ಹೇಗಿದೆ ಮೇಡಂ...

ಈ ವರ್ಷ ಯಾರದೋ ಮದುವೆಗೆಂದು ಬೆಂಗಳೂರಿಗೆ ಬಂದವಳು ತ್ಯಾಗರಾಜನಗರದ ನಮ್ಮ ಈಗಿನ ಮನೆಗೂ ಬಂದಳು. ಈಗ ಅವಳು ಬಳ್ಳಾರಿಯ ಶಾಲೆಯೊಂದರ ಮುಖ್ಯಶಿಕ್ಷಕಿ. ಕೂದಲು ಬೆಳ್ಳಗಾಗುತ್ತಿದೆ. ಕಾಫಿ ಕುಡಿಯುತ್ತ, ಕಳೆದ ತಿಂಗಳು ತನ್ನ ಶಾಲೆಯ ಟೀಚರೊಬ್ಬಳು ಗಂಡನ ಕಾಯಿಲೆಯೆಂದು ರಾಜೀನಾಮೆ ಕೊಟ್ಟಾಗ ಆಡಳಿತದವರ ಜೊತೆ ಜಗಳವಾಡಿ ಅವಳನ್ನು ಅದೇ ವಾರ ಕಳಿಸಿಕೊಟ್ಟೆ ಎಂದಳು.

"ನೀವು ಅವತ್ತು ನನಗೋಸ್ಕರ ಹೋಗಿ ಕೇಳಿದ್ರಲ್ಲ, ಅದೇ ನೆನಪಾಯ್ತು ಮೇಡಂ."

ಆಗ ಹೇಳಿದೆ. ಮಲ್ಲೇಶ್ವರದ ಜಗುಲಿ, ನಂಜುಂಡಪ್ಪನವರು ಆಡಿದ ಮಾತು, ನಾನು ಆಡಿದ ಮಾತು, ಪ್ರಾಂಶುಪಾಲೆಯ ಕುರ್ಚಿ, ಭಾನುವಾರದ ತರಗತಿಗಳು — ಏನನ್ನೂ ಉಳಿಸಿಕೊಳ್ಳಲಿಲ್ಲ. ಅವಳು ಲೋಟವನ್ನು ಕೆಳಗಿಟ್ಟಳು.

"ಅವರು ಯಾವಾಗ ಒಪ್ಪಿದ್ರು?"

"ನಾನು ಕೇಳಿದ ಆ ಸಂಜೆಯೇ."

ಅವಳು ನನಗಲ್ಲ, ಎದುರಿನ ಗೋಡೆಗೆ ಹೇಳುವಂತೆ ಹೇಳಿದಳು: "ಅದಾದ ಮೇಲೂ ಎಷ್ಟೋ ದಿನ ಅಕ್ಕ ನನ್ನ ಹೆಸರು ಹಿಡಿದು ಮಾತಾಡ್ತಿದ್ಲು. ಸಂಡಿಗೆ ಹಾಕಿಸಿದೀನಿ ಶೈಲು, ನೀನು ಬಂದ್ಮೇಲೆ ಕರಿಯೋಣ ಅಂದಿದ್ಲು."

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಕ್ಷಮಿಸಲೇಬೇಕೆಂಬ ಭಾರವನ್ನೂ ಅವಳ ಮೇಲೆಯೇ ಹಾಕಿದಂತಾಗುತ್ತಿತ್ತು. ಅವಳು ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಇನ್ನು ಮೇಲೆ ಫೋನ್ ಮಾಡಬೇಡಿ, ತಾನೂ ಮಾಡುವುದಿಲ್ಲ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗೇಟು ಹಾಕಿಕೊಂಡು ಹೋದಳು.

ನಮ್ಮ ಶಾಲೆಯ ಹಳಬರು ನನ್ನನ್ನು ಕಂಡರೆ ಈಗಲೂ ಆ ಕಥೆ ತೆಗೆಯುತ್ತಾರೆ — ಶೈಲಜಾಳಿಗಾಗಿ ಕಾರ್ಯದರ್ಶಿಯ ಮನೆ ಬಾಗಿಲಿಗೆ ಹೋದವರು ಎಂದು. ಕಳೆದ ವಾರ ಗಾಂಧಿ ಬಜಾರಿನಲ್ಲಿ ಸಿಕ್ಕಿದ ಹಿಂದಿ ಟೀಚರ್ ಹಾಗೆಯೇ ಶುರುಮಾಡಿದರು. ನಾನು ಅವರನ್ನು ತಡೆದೆ. ಹೂವಿನ ಅಂಗಡಿಯ ಮುಂದೆ, ಜನ ಓಡಾಡುತ್ತಿರುವಾಗಲೇ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕೈಯಲ್ಲಿದ್ದ ಹೂವಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ಬರುತ್ತೇನೆ ಎಂದೂ ಹೇಳದೆ ಹೋದರು. ಇನ್ನೂ ಕೆಲವರಿಗೆ ಹೇಳುವುದಿದೆ. ಒಬ್ಬೊಬ್ಬರ ಮನೆಗೂ ನಾನೇ ಹೋಗುತ್ತೇನೆ.